ಅರವತ್ತು ಎಳೆಯ ಬಟ್ಟೆ

ನನ್ನನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಲು ನಿಮಗೆ ನಾಚಿಕೆ ಎಂದು ನನಗೆ ಗೊತ್ತು, ಮಕ್ಕಳೇ. ಬಣ್ಣ ನೋಡುವ ಮೊದಲೇ ನಾನು ಬಟ್ಟೆಯನ್ನು ಮಗುಚುತ್ತೇನೆ, ಅಂಚು ಎಳೆದು ನೋಡುತ್ತೇನೆ, ಸೆರಗಿಗೆ ಚುಚ್ಚಿಕೊಂಡ ಸೂಜಿ ತೆಗೆದು ಎಳೆ ಎಣಿಸುತ್ತೇನೆ. ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅಜ್ಜೀ, ಸಾಕು" ಎಂದು ದೊಡ್ಡವಳು ಕೈ ಎಳೆಯುತ್ತಾಳೆ. ಈ ಚಟ ಎಲ್ಲಿಂದ ಬಂತು ಎಂದು ಚಿಕ್ಕವಳು ಹೋದ ರಜೆಯಲ್ಲಿ ಕೇಳಿದಳು. ನಾಲ್ಕು ಜನ ಕೂತು ಕೇಳುತ್ತಾರೆ ಅಂದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೆ ಬರೆದೇ ಹೇಳುತ್ತೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗ ನಾವು ಕತಾರಿನ ದೋಹಾದಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ವರ್ಷಗಳು. ನಿಮ್ಮ ಅಜ್ಜ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ನಿಮ್ಮ ಅಮ್ಮ ಆರನೇ ಕ್ಲಾಸು. ಓಲ್ಡ್ ಏರ್‌ಪೋರ್ಟ್ ಕಡೆ ಎರಡನೇ ಮಾಳಿಗೆಯಲ್ಲಿ ನಮ್ಮ ಫ್ಲಾಟು. ಕಿಟಕಿ ಹತ್ತಿರ ನನ್ನ ಹೊಲಿಗೆ ಮಿಷನ್. ಶಾಲೆಯ ಯೂನಿಫಾರ್ಮ್ ಹೊಲಿಯುವುದು ನನ್ನ ಕೆಲಸ. ಹುಡುಗಿಯರಿಗೆ ಚೌಕುಳಿ ಬಟ್ಟೆಯ, ತೋಳಿಲ್ಲದ ಪಿನಫೋರ್, ಹುಡುಗರಿಗೆ ಅದೇ ಬಟ್ಟೆಯ ಅಂಗಿ. ಫೆಬ್ರವರಿ ಬಂತೆಂದರೆ ತಾಯಂದಿರು ಬಟ್ಟೆ ಕೊಂಡು, ಮಕ್ಕಳನ್ನು ಕರಕೊಂಡು ಬರುತ್ತಿದ್ದರು. ಅಳತೆ ತೆಗೆಯುವಾಗ ಮಾತ್ರ ನನಗೆ ಬಾಯಿ ಬರುತ್ತಿತ್ತು. ಕೈಯಲ್ಲಿ ಟೇಪು ಇದ್ದರೆ ಎದುರಿನವರ ಮುಖ ನೋಡಬೇಕಾಗಿಲ್ಲವಲ್ಲ! ಉಳಿದ ತಿಂಗಳುಗಳಲ್ಲಿ ಲಿಫ್ಟಿನಲ್ಲಿ ಯಾರಾದರೂ ಎದುರಾದರೆ ನಾನು ಮೆಟ್ಟಿಲು ಹಿಡಿಯುವವಳು. ಆ ಮಿಷನ್ ಇಲ್ಲದಿದ್ದರೆ ದೋಹಾದಲ್ಲಿ ನಾನಿದ್ದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಅಳತೆ ಬರೆಯಲು ಒಂದು ದಪ್ಪ ಪುಸ್ತಕ ಇತ್ತು. ಪುಟಕ್ಕೊಂದು ಮಗು. ಹೆಸರು, ಎದೆ, ಸೊಂಟ, ಉದ್ದ, ಕೆಳಗೆ ಆ ಮಗುವಿನ ಬಟ್ಟೆಯ ಒಂದು ಚಿಂದಿಯನ್ನು ಪಿನ್ನು ಹಾಕಿ ಇಡುತ್ತಿದ್ದೆ. ಹರಿದರೆ ತೇಪೆಗೆ ಬೇಕಾಗುತ್ತದೆ. ಈ ಪುಸ್ತಕ ನೆನಪಿಟ್ಟುಕೊಳ್ಳಿ. ನನ್ನ ತಲೆ ತಗ್ಗಿಸಿದ್ದು ಇದೇ.

ಒಂದು ವರ್ಷ ಫೆಬ್ರವರಿಯಲ್ಲಿ ತಾಯಂದಿರು ಬಂದರು, ಬಟ್ಟೆ ಬರಲಿಲ್ಲ. ಊರಿನ ಕಡೆಯವಳೇ ಒಬ್ಬಳು ಬರಿಗೈಯಲ್ಲಿ ಬಂದು ಕುರ್ಚಿಯಲ್ಲಿ ಕೂತಳು.

"ಅಂಗಡಿಯಲ್ಲಿ ಬಿಡಿ ಬಟ್ಟೆ ಖಲಾಸ್ ಅಂತೆ ಅಕ್ಕ. ಇನ್ನು ರೆಡಿಮೇಡ್ ಮಾತ್ರ."

"ಬೇರೆ ಅಂಗಡಿಯಲ್ಲಿ ನೋಡಬಹುದಿತ್ತಲ್ಲ?"

"ಬೇರೆ ಅಂಗಡಿ ಎಲ್ಲುಂಟು? ಎಲ್ಲ ಆ ಧಣಿಗಳದ್ದೇ."

ಧಣಿಗಳು ಎಂದರೆ ನಮ್ಮ ಕರಾವಳಿಯವರೇ ಒಬ್ಬ ದೊಡ್ಡ ವ್ಯಾಪಾರಿ, ತುಳು ಮಾತಾಡುವವರು. ಕೆಟ್ಟವರಲ್ಲ. ಊರಿನ ಶಾಲೆಗೆ ಬೆಂಚು ಕೊಡಿಸಿದವರು, ಯಾರಾದರೂ ಸತ್ತರೆ ಹೆಣ ಊರಿಗೆ ಕಳುಹಿಸಲು ಓಡಾಡುವವರು. ಯೂನಿಫಾರ್ಮಿನ ವ್ಯಾಪಾರ ಪೂರ್ತಿ ಅವರ ಕೈಗೆ ಹೇಗೆ ಹೋಯಿತು? ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಮೊದಲು ಮೂರು ಅಂಗಡಿಗಳಿದ್ದವು. ಎರಡು ಎಲ್ಲಿ ಹೋದವು?

ಶುಕ್ರವಾರ ನಿಮ್ಮ ಅಜ್ಜನ ಜೊತೆ ಹಳೇ ಪೇಟೆ ಮುಶೈರಿಬ್‌ಗೆ ಹೋದೆ. ಅಲ್ಲಿ ಒಂದು ಓಣಿಯಲ್ಲಿ ಹಾಜಿಯವರ ಬಟ್ಟೆ ಅಂಗಡಿ. ಮಂಗಳೂರು ಕಡೆಯ ಬ್ಯಾರಿಗಳು, ಬಿಳಿ ಗಡ್ಡ, ನಗುಮುಖ. ಮೊದಲು ಯೂನಿಫಾರ್ಮ್ ಬಟ್ಟೆ ಅವರಲ್ಲೂ ಸಿಗುತ್ತಿತ್ತು.

"ಹೇಗೆ ಹೋಯ್ತು ಅಂತ ಕೇಳ್ತೀರಾ ಅಕ್ಕ?" ಎಂದು ಹಾಜಿಯವರು ಹಾಲು ಹಾಕದ ಸುಲೇಮಾನಿ ಚಹಾ ತರಿಸಿದರು. "ಮೊದಲ ವರ್ಷ ಅವರು ನಮ್ಮೆಲ್ಲರಿಗಿಂತ ಅಗ್ಗಕ್ಕೆ ಕೊಟ್ಟರು. ನಷ್ಟದಲ್ಲೇ ಕೊಟ್ಟಿರಬೇಕು. ಆಚೆ ಅಂಗಡಿಯವ ಸೋತು ಸ್ಟಾಕನ್ನು ಅವರಿಗೇ ಮಾರಿ ಹೋದ. ಎರಡನೇ ವರ್ಷ ಶಾಲೆಯ ಚೌಕುಳಿ ಬದಲಾಯ್ತು. ಬೂದು, ಬಿಳಿ ಇತ್ತಲ್ಲ, ಅದಕ್ಕೆ ಒಂದು ಸಪೂರ ಕೆಂಪು ಗೆರೆ ಬಂತು. ನೆನಪುಂಟಾ?"

ನೆನಪಿತ್ತು. ಚಂದ ಕಾಣುತ್ತದೆ ಎಂದು ನಾನೇ ಹೇಳಿದ್ದೆ.

"ಆ ಗೆರೆ ಹಾಕಿಸಿದ್ದು ಅವರೇ. ಶಾಲೆಯ ಕಮಿಟಿಗೆ ಒಂದು ತುಂಡು ಕೊಟ್ಟು, ಇದೇ ನಮ್ಮ ಮಾದರಿ ಅಂತ ಸೀಲು ಹಾಕಿಸಿದರು. ಅದು ಆಫೀಸಿನ ಕಪಾಟಿನಲ್ಲಿ ಉಂಟು. ಶಾಲೆಯ ನೋಟೀಸಿನಲ್ಲಿ ಏನು ಬರೆದಿದ್ದಾರೆ? 'ಸೀಲು ಹಾಕಿದ ಮಾದರಿಯಂತೆ.' ಆ ಮಾದರಿ ನನಗೆ ಕೊಡ್ತಾರಾ? ಮಾಫಿ, ಇಲ್ಲವೇ ಇಲ್ಲ. ನನ್ನಲ್ಲಿದ್ದ ನಲವತ್ತು ಥಾನು ಹಳೇ ಬಟ್ಟೆ ಈಗ ಲೇಬರ್ ಕ್ಯಾಂಪಿನಲ್ಲಿ ಹಾಸಿಗೆ ಹೊದಿಕೆ."

ಅವರು ನಕ್ಕರು. ನಿಮ್ಮ ಅಜ್ಜನೂ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಗೆರೆಯಿಂದ ಒಂದು ಊರಿನ ಬಾಗಿಲನ್ನೇ ಮುಚ್ಚಬಹುದಾ ಎಂದು ಯೋಚಿಸುತ್ತಾ ಮನೆಗೆ ಬಂದೆ.

ನಮ್ಮ ಮೇಲಿನ ಮಾಳಿಗೆಯಲ್ಲಿ ಅದೇ ಶಾಲೆಯ ಸಮಾಜ ಪಾಠದ ಟೀಚರ್ ಇದ್ದರು. ಅವರ ರವಿಕೆಗಳನ್ನೂ ನಾನೇ ಹೊಲಿಯುತ್ತಿದ್ದೆ. ಅವರಿಗೆ ಇದನ್ನು ಹೇಳಿದಾಗ ಅವರು ಎದ್ದು ಹೋಗಿ ಒಂದು ಪುಸ್ತಕವನ್ನೇ ತಂದರು.

"ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಇದೇ ಆಟ ಆಗಿತ್ತು. ಬಟ್ಟೆಯಲ್ಲ, ಎಣ್ಣೆ. ದೀಪಕ್ಕೆ ಹಾಕುವ ಸೀಮೆಎಣ್ಣೆ. ಒಬ್ಬ ಮನುಷ್ಯ ಎಲ್ಲವನ್ನೂ ಹಿಡಿದ."

"ಬಾವಿಗಳನ್ನೆಲ್ಲ ಕೊಂಡುಕೊಂಡನಾ?"

"ಅದೇ ಅಲ್ವಾ ಸ್ವಾರಸ್ಯ! ಮೊದಲು ಬಾವಿಗೆ ಕೈ ಹಾಕಲೇ ಇಲ್ಲ. ಎಣ್ಣೆ ಶುದ್ಧ ಮಾಡುವ ಕಾರ್ಖಾನೆ, ಪೀಪಾಯಿ, ಸಾಗಿಸುವ ಕೊಳವೆ, ಇವನ್ನೆಲ್ಲ ಹಿಡಿದ. ರೈಲಿನವರ ಹತ್ತಿರ ಗುಟ್ಟಾಗಿ ತನಗೆ ಮಾತ್ರ ಕಡಿಮೆ ಬಾಡಿಗೆ ಮಾಡಿಸಿಕೊಂಡ. ಬಾವಿ ಯಾರದ್ದಾದರೇನು, ಎಣ್ಣೆ ಅವನ ದಾರಿಯಲ್ಲೇ ಹೋಗಬೇಕು. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಅದಕ್ಕೇ ಅವನನ್ನು ತಪ್ಪು ಅನ್ನಲು ಜನಕ್ಕೆ ಕಷ್ಟ ಆಯ್ತು."

"ಮತ್ತೆ ಯಾರು ಅಂದರು?"

"ಬೇಕಾದಷ್ಟು ಜನ. ಒಬ್ಬ ಹೆಂಗಸೂ ಇದ್ದಳು. ಭಾಷಣ ಮಾಡಲಿಲ್ಲ, ಕೂಗಲಿಲ್ಲ. ವರ್ಷಗಟ್ಟಲೆ ಕೋರ್ಟಿನ ಕಾಗದ, ಹಳೇ ಪತ್ರ ಎಲ್ಲ ಓದಿ, ಹೇಗೆ ಹಿಡಿದ ಅಂತ ಒಂದೊಂದಾಗಿ ಬರೆದಳು. ತೋರಿಸಲು ಕಾಗದ ಇರುವುದನ್ನು ಮಾತ್ರ ಬರೆದಳು. ಆಮೇಲೆ ಕೋರ್ಟು ಅವನ ಕಂಪನಿಯನ್ನು ತುಂಡು ತುಂಡು ಮಾಡಿತು."

"ಪಾಪ, ಮುಳುಗಿದನಾ?"

"ಎಲ್ಲಿ! ತುಂಡುಗಳಿಂದ ಇನ್ನೂ ಶ್ರೀಮಂತನಾದ." ಟೀಚರ್ ಜೋರಾಗಿ ನಕ್ಕರು. "ಆದರೆ ದಾರಿ ತೆರೆಯಿತು."

ಕೂಗದೆ ಕೆಲಸ ಮಾಡಿದ ಆ ಹೆಂಗಸು ನನ್ನ ತಲೆಯಲ್ಲಿ ಕೂತಳು. ನನಗೆ ಓದಲು ಕಾಗದ ಇರಲಿಲ್ಲ. ಬಟ್ಟೆ ಇತ್ತು. ನಾನು ನೇಯುವವರ ಮನೆಯ ಮಗಳು. ಅಪ್ಪನ ಮಗ್ಗಕ್ಕೆ, ಬಾಚಣಿಗೆಯ ಹಲ್ಲಿನಂಥ ಸಂದುಗಳಲ್ಲಿ ಒಂದೊಂದೇ ಎಳೆ ಪೋಣಿಸುವುದು ಚಿಕ್ಕವಳಿದ್ದಾಗ ನನ್ನ ಪಾಲಿನ ಕೆಲಸ. ಯಾವ ಬಟ್ಟೆಯನ್ನಾದರೂ ಎಣಿಸಿದರೆ ಬರೆದಿಡಬಹುದು. ಬರೆದದ್ದನ್ನು ನೋಡಿ ಇನ್ನೊಬ್ಬ ನೇಯಬಹುದು. ಅಪ್ಪ ಹೀಗೆಯೇ ಎಷ್ಟೋ ಸೀರೆಗಳ ಅಂಚನ್ನು ಬರೆದಿಟ್ಟುಕೊಂಡಿದ್ದರು. ಕಪಾಟಿನಲ್ಲಿರುವ ಆ ತುಂಡಿನ ಬದಲು ಬಟ್ಟೆಯ ವಿವರವನ್ನೇ ಶಾಲೆ ನೋಟೀಸಿನಲ್ಲಿ ಬರೆದರೆ? ಆಗ ಯಾರು ಬೇಕಾದರೂ ನೇಯಿಸಬಹುದು, ಯಾರು ಬೇಕಾದರೂ ಬಿಡಿಯಾಗಿ ಮಾರಬಹುದು. ನನ್ನ ಮಿಷನ್ ಓಡಬಹುದು.

ಅಳತೆ ಪುಸ್ತಕದಿಂದ ಕೆಂಪು ಗೆರೆ ಇದ್ದ ಒಂದು ಚಿಂದಿ ತೆಗೆದೆ. ನಿಮ್ಮ ಅಜ್ಜ ಅಂಚೆ ಚೀಟಿ ನೋಡುತ್ತಿದ್ದ ಭೂತಗನ್ನಡಿ ತಂದೆ. ಒಂದು ರಟ್ಟಿನಲ್ಲಿ ಸರಿಯಾಗಿ ಒಂದಿಂಚಿನ ಕಿಂಡಿ ಕತ್ತರಿಸಿ ಬಟ್ಟೆಯ ಮೇಲಿಟ್ಟೆ. ಕಿಂಡಿಯೊಳಗೆ ಸೂಜಿಯ ತುದಿಯಿಂದ ಒಂದೊಂದೇ ಎಳೆ ಸರಿಸುತ್ತ ಎಣಿಸಿದೆ. ಮೊದಲು ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ. ಆಮೇಲೆ ಹೊಕ್ಕು, ಅಡ್ಡ ಎಳೆ. ಬಣ್ಣದ ಸರದಿ ಹೀಗಿತ್ತು: ಬೂದು ಇಪ್ಪತ್ತೆಂಟು, ಬಿಳಿ ನಾಲ್ಕು, ಬೂದು ಇಪ್ಪತ್ತೆಂಟು, ಕೆಂಪು ಎರಡು. ಮತ್ತೆ ಅದೇ. ಅಡ್ಡಕ್ಕೂ ಅದೇ. ಇಂಚಿಗೆ ಅರವತ್ತನಾಲ್ಕು ಎಳೆ. ಮೂರು ಸಲ ಎಣಿಸಿದೆ, ಬೇರೆ ಮಗುವಿನ ಚಿಂದಿ ತೆಗೆದು ಮತ್ತೆ ಎಣಿಸಿದೆ. ಅರವತ್ತನಾಲ್ಕೇ. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿ ಆಯಿತು. ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗುಂಡಾಗಲಿಲ್ಲ. ಅಪ್ಪಟ ಹತ್ತಿ.

"ಏನು ಮಾರಾಯ್ತಿ, ಇರುವೆ ಎಣಿಸ್ತಾ ಇದ್ದೀಯಾ?" ಎಂದು ನಿಮ್ಮ ಅಜ್ಜ ಹಿಂದಿನಿಂದ ಬಂದು ಕೇಳಿದರು.

"ಸುಮ್ಮನಿರಿ, ತಪ್ಪುತ್ತದೆ."

ಅವರು ನಿಜವಾಗಿ ಸುಮ್ಮನಾದರು. ಅಷ್ಟು ಗಟ್ಟಿಯಾಗಿ ನಾನು ಅವರಿಗೆ ಎಂದೂ ಹೇಳಿದ್ದಿಲ್ಲ.

ಟೀಚರ್ ನನ್ನ ವಿವರವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟರು. ತಾನು ಶಾಲೆಯ ಸಂಬಳದವಳು, ತನ್ನ ಹೆಸರು ಬರಬಾರದು ಎಂದರು. ನನ್ನದೂ ಬೇಡ ಎಂದೆ. ಹಾಜಿಯವರು ಅದನ್ನೂ ಒಂದು ಚಿಂದಿಯನ್ನೂ ತಮ್ಮ ಭಾವನ ಕೈಯಲ್ಲಿ ಮುಂಬೈ ಕಡೆಯ ಒಂದು ಮಿಲ್ಲಿಗೆ ಕಳುಹಿಸಿದರು. ಮಾದರಿಗೆ ಎರಡು ಗಜ ನೇಯ್ದು ಕಳಿಸಲು ಹೇಳಿದರು. ಮಾರ್ಚ್ ಕಳೆಯಿತು. ಏಪ್ರಿಲಿನಲ್ಲಿ ಶಾಲೆ ಶುರುವಾಯಿತು. ಎಲ್ಲ ಮಕ್ಕಳೂ ರೆಡಿಮೇಡ್ ಹಾಕಿಕೊಂಡು ಹೋದರು, ನಿಮ್ಮ ಅಮ್ಮನೂ. ಮಿಷನ್ನಿನ ಮೇಲೆ ನಾನು ಬೆಡ್‌ಶೀಟು ಹೊದಿಸಿಟ್ಟೆ.

ಏಪ್ರಿಲ್ ಕೊನೆಗೆ ಬಟ್ಟೆ ಬಂತು. ಒಂದು ಗುರುವಾರ ಸಂಜೆ ಪಾಲಕರ ಸಭೆ. ಹಾಜಿಯವರು ತಮ್ಮ ಮೊಮ್ಮಗಳ ಪಾಲಕರಾಗಿ ಬಂದರು. ಧಣಿಗಳೂ ಬಂದಿದ್ದರು. ಕಮಿಟಿಯ ಅಧ್ಯಕ್ಷರು ಒಬ್ಬ ಮಲಯಾಳಿ ಎಂಜಿನಿಯರು, ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಹಾಜಿಯವರು ವಿಷಯ ಹೇಳಿ, ನಾನು ಬರೆದ ಕಾಗದ ಮತ್ತು ಹೊಸ ಬಟ್ಟೆ ಮೇಜಿನ ಮೇಲಿಟ್ಟರು. ಅಧ್ಯಕ್ಷರು ಕಪಾಟಿನಿಂದ ಸೀಲು ಹಾಕಿದ ಮಾದರಿ ತರಿಸಿದರು.

ಎರಡನ್ನೂ ಪಕ್ಕ ಪಕ್ಕ ಹಾಸಿದರು. ಬಣ್ಣದ ಸರದಿ ಸರಿ ಇತ್ತು. ನಮ್ಮದರ ಚೌಕ ಮಾತ್ರ ಚಿಕ್ಕದು. ನಮ್ಮ ಬಟ್ಟೆಯಲ್ಲಿ ಹತ್ತು ಚೌಕ ಮುಗಿಯುವಲ್ಲಿ ಸೀಲಿನ ಮಾದರಿಯಲ್ಲಿ ಒಂಬತ್ತೂವರೆಯೂ ಆಗಿರಲಿಲ್ಲ. ಮುಟ್ಟಿದರೆ ನಮ್ಮದು ರಟ್ಟಿನ ಹಾಗೆ ಬಿಗಿ.

ಧಣಿಗಳು ಎದ್ದು ಬಂದು ಬೆರಳಿನಲ್ಲಿ ಸವರಿದರು. "ಹಾಜಿಯವರೇ, ಇದು ಯಾವ ಶಾಲೆಯದ್ದು? ನಮ್ಮ ಮಕ್ಕಳ ಮೈಯಲ್ಲಿ ಗೋಣಿ ಹಾಕ್ತೀರಾ?"

ಎಲ್ಲರೂ ನಕ್ಕರು. "ಯಾರು ಎಣಿಸಿದ್ದು?" ಎಂದು ಅಧ್ಯಕ್ಷರು ಹಿಂದಿಯಲ್ಲಿ ಕೇಳಿದರು. ಹಾಜಿಯವರು ನನ್ನ ಕಡೆ ನೋಡಿದರು. ನಾನು ಚಪ್ಪಲಿ ನೋಡುತ್ತಿದ್ದೆ. ಮೇ ಕೊನೆಯ ಸಭೆಯವರೆಗೆ ವಿಷಯ ಮುಂದೂಡಿದರು. ಅಷ್ಟರೊಳಗೆ ಸರಿಯಾದ ವಿವರ ಬರದಿದ್ದರೆ ಈಗಿನ ವ್ಯವಸ್ಥೆಯೇ ಖಾಯಂ ಎಂದರು.

ಎರಡು ದಿನ ಮತ್ತೆ ಮತ್ತೆ ಎಣಿಸಿದೆ. ನಾನು ಎಣಿಸಿದ್ದು ತಪ್ಪಲ್ಲ. ಮಿಲ್ಲಿನ ಬಟ್ಟೆಯ ಮೇಲೆ ಕಿಂಡಿ ಇಟ್ಟು ನೋಡಿದೆ, ಅವರೂ ಸರಿಯಾಗಿ ಅರವತ್ತನಾಲ್ಕೇ ನೇಯ್ದಿದ್ದರು. ಹಾಗಾದರೆ ತಪ್ಪು ಎಲ್ಲಿ?

ಮೂರನೇ ದಿನ ಬಕೆಟ್ಟಿನಲ್ಲಿ ಹೊಸ ದಿಂಬಿನ ಬಟ್ಟೆ ನೆನೆಹಾಕುತ್ತಿದ್ದೆ. ದೋಹಾದ ನೀರು ನಿಮಗೆ ಗೊತ್ತಿಲ್ಲ; ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು, ಮಧ್ಯಾಹ್ನ ನಲ್ಲಿಯಲ್ಲಿ ಬರುವುದು ಬಿಸಿನೀರೇ. ಕೈ ಸುಟ್ಟು ತೆಗೆದೆ. ತೆಗೆದ ಕೈ ಹಾಗೇ ನಿಂತಿತು.

ನೀರು!

ನಮ್ಮ ಅವ್ವನ ಕಟ್ಟುನಿಟ್ಟು ಒಂದಿತ್ತು. ನೀರು ತೋರಿಸದೆ ಬಟ್ಟೆಗೆ ಕತ್ತರಿ ಇಡಬಾರದು. ನೀರಿಗೆ ಹಾಕದೆ ಹೊಸ ಬಟ್ಟೆ ಮೈಗೆ ಹಾಕಬಾರದು. ನೆನೆಸಿದರೆ ಬಟ್ಟೆ ಕುಗ್ಗಬೇಕಾದಷ್ಟು ಮೊದಲೇ ಕುಗ್ಗುತ್ತದೆ, ಹೊಲಿದ ಮೇಲೆ ಅಳತೆ ಕೆಡುವುದಿಲ್ಲ. ಇಷ್ಟು ವರ್ಷ ನಾನು ಪ್ರತಿಯೊಂದು ಬಟ್ಟೆಯನ್ನೂ ನೆನೆಸಿ, ಒಣಗಿಸಿ, ಆಮೇಲೆಯೇ ಕತ್ತರಿಸಿದ್ದು. ಪುಸ್ತಕದ ಚಿಂದಿಗಳೆಲ್ಲ ಕುಗ್ಗಿದ ಬಟ್ಟೆಯವು. ಕುಗ್ಗಿದರೆ ಎಳೆಗಳು ಹತ್ತಿರ ಹತ್ತಿರ ಬರುತ್ತವೆ, ಇಂಚಿಗೆ ಎಣಿಕೆ ಹೆಚ್ಚಾಗುತ್ತದೆ. ಕುಗ್ಗಿದ ಬಟ್ಟೆಯ ಲೆಕ್ಕವನ್ನು ನಾನು ಹೊಸ ಬಟ್ಟೆಯ ಲೆಕ್ಕ ಎಂದು ಬರೆದು ಕಳುಹಿಸಿದ್ದೆ. ನೇಯುವವರ ಮಗಳು ಮಾಡಬಾರದ ತಪ್ಪು. ಆದರೆ ನೆನೆಸಿಯೇ ಕತ್ತರಿಸುವ ನಮ್ಮಂಥವರು ಮಾತ್ರ ಮಾಡುವ ತಪ್ಪು.

ಸರಿ, ನೀರು ಮುಟ್ಟದ ಒಂದು ಯೂನಿಫಾರ್ಮ್ ಬೇಕು. ನಿಮ್ಮ ಅಮ್ಮನದ್ದನ್ನು ಕೊಂಡ ದಿನವೇ ಬಕೆಟ್ಟಿಗೆ ಹಾಕಿದ್ದೆ. ಎದುರು ಮನೆಗೆ ಹೋದೆ, ಕೆಳಗಿನ ಬ್ಯಾರಿ ಮನೆಗೆ ಹೋದೆ, ಕೊಂಕಣಿ ಮನೆಗೆ ಹೋದೆ. ನಾನು ಬಾಗಿಲು ತಟ್ಟಿದ್ದು ನೋಡಿಯೇ ಅವರಿಗೆಲ್ಲ ಆಶ್ಚರ್ಯ. "ಹೊಸ ಬಟ್ಟೆ ನೀರಿಗೆ ಹಾಕದೆ ಹಾಕ್ತಾರಾ ಅಕ್ಕ? ಎಂತ ಕೇಳ್ತೀರಿ ನೀವು!" ಎಂದರು ಒಬ್ಬೊಬ್ಬರೂ. ಇಡೀ ಬಿಲ್ಡಿಂಗಿನಲ್ಲಿ ನೀರು ಮುಟ್ಟದ ಒಂದು ಪಿನಫೋರ್ ಸಿಗಲಿಲ್ಲ.

ಉಳಿದದ್ದು ಧಣಿಗಳ ಅಂಗಡಿ. ನಿಮ್ಮ ಅಜ್ಜ ಕಂಪನಿಯ ಗಾಡಿಯಲ್ಲಿ ನನ್ನನ್ನು ಬಾಗಿಲಲ್ಲಿ ಇಳಿಸಿ, ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದರು. ಧಣಿಗಳು ಗಲ್ಲಾದಲ್ಲೇ ಇದ್ದರು. ನನ್ನನ್ನು ನೋಡಿ ಎದ್ದು ನಿಂತರು. ಅದು ನನಗೆ ಇನ್ನೂ ಕಷ್ಟವಾಯಿತು.

"ಬನ್ನಿ ತಂಗಿ," ಎಂದು ತುಳುವಿನಲ್ಲೇ ಮಾತಾಡಿಸಿದರು. "ಅವತ್ತು ನಾನು ನಗಬಾರದಿತ್ತು. ಅಷ್ಟು ಎಳೆ ಎಣಿಸಿದವರು ಯಾರು ಅಂತ ಆಮೇಲೆ ಕೇಳಿದೆ. ಬನ್ನಿ, ನಮ್ಮ ವರ್ಕ್‌ಶಾಪು ನೋಡಿ."

ಅಂಗಡಿಯ ಹಿಂದೆಯೇ ಉದ್ದನೆಯ ಹಾಲು. ನೋಡಬಾರದು ಅಂದುಕೊಂಡರೂ ನನ್ನ ಕಣ್ಣು ಕೇಳಲಿಲ್ಲ. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿದ್ದರು, ಒಂದು ಗೇಣು ಎತ್ತರ. ಮೇಲೆ ಕಾಗದದ ನಕ್ಷೆ. ಒಬ್ಬ ಬಂಗಾಳಿ ನೆಟ್ಟಗೆ ನಿಂತ ಅಲಗಿನ ಕರೆಂಟಿನ ಕತ್ತರಿಯನ್ನು ನಕ್ಷೆಯ ಗೆರೆಯ ಮೇಲೆ ದೂಡುತ್ತಾ ಹೋದ. ಅಷ್ಟೂ ಪದರ ಬೆಣ್ಣೆಯ ಹಾಗೆ ಕತ್ತರಿಸಿಹೋಯಿತು. ಒಂದೇ ಸಲಕ್ಕೆ ಅರವತ್ತು ಪಿನಫೋರ್. ನನಗೆ ಒಂದು ಕತ್ತರಿಸಲು ಬೇಕಾಗುವಷ್ಟೇ ಹೊತ್ತು. ಚೌಕ ಎದುರುಬದುರು ಕೂಡುವಂತೆ ಪದರಗಳನ್ನು ಸೂಜಿಗೆ ಚುಚ್ಚಿ ನಿಲ್ಲಿಸಿದ್ದರು. ಎಷ್ಟು ಜಾಣ ಕೆಲಸ! ಹೇಳದೆ ಇರಲಾಗಲಿಲ್ಲ, "ಚಂದ ಉಂಟು" ಅಂದುಬಿಟ್ಟೆ.

ಧಣಿಗಳ ಮುಖ ಅರಳಿತು. "ಇಲ್ಲಿ ಚೌಕ ಕೂಡಿಸುವುದು ನೋಡಿಕೊಳ್ಳಲು ಒಬ್ಬರು ಬೇಕು. ನೀವೇ ಬನ್ನಿ. ಕೂತು ಹೊಲಿಯುವುದು ಬೇಡ, ನೋಡುವುದು ಮಾತ್ರ. ಗಾಡಿ ಕಳಿಸ್ತೇನೆ. ಆ ಹಾಜಿಯ ಕಾಗದದ ಕೆಲಸ ನಿಮಗೆ ಯಾಕೆ?"

ಆಸೆ ಆಗಲಿಲ್ಲ ಎಂದರೆ ಸುಳ್ಳು. ನಾನು ಬಾಯಿಗೆ ಬಂದದ್ದು ಕೇಳಿದೆ. "ಕತ್ತರಿಸುವ ಮೊದಲು ನೀರು ತೋರಿಸುವುದಿಲ್ಲವಾ?"

"ಇಷ್ಟು ಬಟ್ಟೆಯನ್ನು ಎಲ್ಲಿ ನೆನೆಸುವುದು ತಂಗಿ?"

"ಆಮೇಲೆ ಕುಗ್ಗುತ್ತದಲ್ಲ?"

ಅವರು ನಕ್ಕರು. ಕಪಟದ ನಗುವಲ್ಲ, ಮನೆಯವರ ಹತ್ತಿರ ನಗುವ ಹಾಗೆ. "ಕುಗ್ಗಿದರೆ, ಮಕ್ಕಳು ಬೆಳೆದರು ಅಂತ ತಾಯಂದಿರಿಗೆ ಸಂತೋಷ. ಇನ್ನೊಂದು ಕೊಳ್ತಾರೆ."

ಆ ಮಾತು ಅವರಿಗೆ ಅಲ್ಲಿಗೇ ಮುಗಿಯಿತು. ನನಗೆ ಅಲ್ಲಿಂದ ಶುರುವಾಯಿತು. ಮಗಳ ಸೈಜಿನ ಒಂದು ಪಿನಫೋರ್ ಬೇಕು ಎಂದೆ. ದುಡ್ಡು ಬೇಡ ಎಂದರು. ನಾನು ಗಲ್ಲಾದ ಮೇಲಿಟ್ಟು ಬಂದೆ. ಕೆಲಸದ ಮಾತಿಗೆ ಏನೂ ಹೇಳಲಿಲ್ಲ. ತಲೆ ಅಲ್ಲಾಡಿಸಿದೆನೋ ಇಲ್ಲವೋ ನನಗೇ ನೆನಪಿಲ್ಲ.

ಮನೆಯಲ್ಲಿ ಆ ಪಿನಫೋರಿನ ಹೊಲಿಗೆ ಬಿಚ್ಚಿದೆ. ಕಿಂಡಿ ಇಟ್ಟು ಎಣಿಸಿದೆ. ಇಂಚಿಗೆ ಅರವತ್ತು. ಅಡ್ಡಕ್ಕೂ ಅರವತ್ತು. ಮುಂಭಾಗದ ಬಟ್ಟೆಯನ್ನು ಸರಿಯಾಗಿ ಒಂದೇ ಅಳತೆಯ ಎರಡು ತುಂಡು ಮಾಡಿ, ಒಂದನ್ನು ನೆನೆಸಿ ಒಣಗಿಸಿದೆ. ಒಂದರ ಮೇಲೊಂದು ಇಟ್ಟರೆ ನೆನೆಸಿದ್ದು ಅರ್ಧ ಬೆರಳು ಒಳಗೆ ಸರಿದಿತ್ತು. ಇಡೀ ಪಿನಫೋರಿಗೆ ಎರಡು ಬೆರಳಿಗೂ ಹೆಚ್ಚಾಗುತ್ತದೆ.

ಹಾಜಿಯವರಿಗೆ ತೋರಿಸಿದೆ. ಅವರು ಖುಷಿಯಾದರು. "ಯಲ್ಲಾ, ನಡೀರಿ, ಮಿಲ್ಲಿಗೆ ಇವತ್ತೇ ಹೊಸ ಕಾಗದ ಕಳಿಸುವ. ಸಭೆಯಲ್ಲಿ ಮಾತ್ರ, ಮೊದಲಿನದ್ದು ಮಿಲ್ಲಿನವರ ತಪ್ಪು ಅಂತ ಹೇಳಿದರೆ ಸಾಕು ಅಕ್ಕ. ಅವರೇನು ಇಲ್ಲಿಗೆ ಬಂದು ಕೇಳ್ತಾರಾ? ನಿಮ್ಮ ಮರ್ಯಾದೆ ಉಳೀತದೆ."

ಹೂಂ ಅನ್ನಲು ನನಗೆ ಸುಲಭವಿತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ತೋರಿಸಲು ಇರುವುದನ್ನು ಮಾತ್ರ ಬರೆದಳು ಎಂದಿದ್ದರು ಟೀಚರ್. ಮಿಲ್ಲಿನ ಮೇಲೆ ಹಾಕಿದರೆ ನಾನು ತೋರಿಸಲು ಏನು ಉಳಿಯುತ್ತದೆ? ನೀರಿನ ಮಾತೇ ಬರುವುದಿಲ್ಲ. ನನ್ನ ತಪ್ಪು ಹೇಳಿದರೆ ಮಾತ್ರ ಬಟ್ಟೆ ಕುಗ್ಗುವುದು ಹೊರಗೆ ಬರುತ್ತದೆ. ಹೇಳಬೇಕಾದವಳು ನಾನೇ. ಬೇರೆ ಯಾರು ಹೇಳಿದರೂ ಅದು ದೂರು ಆಗುತ್ತದೆ.

"ನಾನೇ ಹೇಳ್ತೇನೆ," ಎಂದೆ ನಿಮ್ಮ ಅಜ್ಜನಿಗೆ.

"ನೀನಾ?" ಗಾಡಿ ಸಿಗ್ನಲ್ಲಿನಲ್ಲಿ ನಿಂತಿತ್ತು. ಹಸಿರು ಬಂದರೂ ಅವರು ಬಿಡಲಿಲ್ಲ, ಹಿಂದಿನವರು ಹಾರ್ನು ಹಾಕಿದರು.

"ಕನ್ನಡದಲ್ಲಿ. ನೀವು ಹಿಂದಿಗೆ ಮಾಡಿ."

ಮೇ ಕೊನೆಯ ಗುರುವಾರ ಸಭೆ. ಮಿಲ್ಲಿನಿಂದ ಹೊಸ ಮಾದರಿ ಇನ್ನೂ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಎರಡು ತುಂಡು ಬಟ್ಟೆ, ರಟ್ಟಿನ ಕಿಂಡಿ, ಭೂತಗನ್ನಡಿ. ಅಧ್ಯಕ್ಷರು ಕೇಳಿದಾಗ ಎದ್ದೆ. ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದೆ. ಅದರ ತುದಿ ಹಿಡಿದುಕೊಂಡೆ.

"ತಪ್ಪು ಮಿಲ್ಲಿನದ್ದಲ್ಲ, ನನ್ನದು," ಎಂದೆ. "ನಾನು ಎಣಿಸಿದ್ದು ನೆನೆಸಿದ ಬಟ್ಟೆ. ನೆನೆಸಿದರೆ ಈ ಬಟ್ಟೆ ಇಷ್ಟು ಕುಗ್ಗುತ್ತದೆ ಅಂತ ನನಗೆ ಆಗ ಹೊಳೆಯಲಿಲ್ಲ."

ನಿಮ್ಮ ಅಜ್ಜ ಹಿಂದಿಯಲ್ಲಿ ಹೇಳಿದರು. ನಾನು ಎರಡೂ ತುಂಡು ಮೇಜಿನ ಮೇಲಿಟ್ಟೆ. "ಇವೆರಡೂ ಒಂದೇ ಪಿನಫೋರಿನದ್ದು. ಕತ್ತರಿಸುವಾಗ ಒಂದೇ ಅಳತೆ. ಇದಕ್ಕೆ ನೀರು ಮುಟ್ಟಿಲ್ಲ, ಇಂಚಿಗೆ ಅರವತ್ತು. ಇದನ್ನು ಒಂದು ಸಲ ನೆನೆಸಿದೆ, ಅರವತ್ತನಾಲ್ಕು. ಎಣಿಸಿ ನೋಡಿ."

ಅಧ್ಯಕ್ಷರು ನಿಜವಾಗಿಯೂ ಭೂತಗನ್ನಡಿ ತೆಗೆದುಕೊಂಡು ಬಗ್ಗಿ ಎಣಿಸಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿಯ ದನಿ ಕೇಳಿತು.

"ಅಯ್ಯೋ! ಅಂಗಡಿಯಲ್ಲಿ ಹಾಕಿ ನೋಡುವಾಗ ಮುಚ್ಚಿದ್ದ ಮೊಣಕಾಲು ಎರಡು ತಿಂಗಳಲ್ಲಿ ಕಂಡದ್ದು ಇದಕ್ಕಾ? ನನ್ನ ಮಗಳು ಉದ್ದ ಆದಳು ಅಂತ ಊರಿಗೆ ಫೋನು ಮಾಡಿ ಹೇಳಿದೆನಲ್ಲ ನಾನು!"

ಈ ಸಲ ಸಭೆ ನಕ್ಕದ್ದು ನನ್ನನ್ನು ನೋಡಿ ಅಲ್ಲ. ಒಬ್ಬೊಬ್ಬರೇ ತಾಯಂದಿರು ಮಾತಾಡತೊಡಗಿದರು. ನಾನು ಕೂತುಬಿಟ್ಟೆ.

ಧಣಿಗಳು ಎದ್ದರು. "ಹತ್ತಿ ಅಂದ ಮೇಲೆ ಕುಗ್ಗುತ್ತದೆ. ಮೋಸ ಎಂತದ್ದು?"

"ಮೋಸ ಅಂತ ಅವರು ಹೇಳಲಿಲ್ಲ," ಎಂದರು ಅಧ್ಯಕ್ಷರು ತಲೆ ಎತ್ತದೆ. "ಅರವತ್ತು. ಸರಿ ಉಂಟು. ನೋಡಿ, ನಮ್ಮ ಪ್ಲಾಂಟಿಗೆ ಪೈಪು ತರಿಸುವಾಗ ನಾವು 'ಇಂಥವರ ಪೈಪಿನ ಹಾಗೆ' ಅಂತ ಬರೆಯುವುದಿಲ್ಲ. ದಪ್ಪ ಎಷ್ಟು, ಅಗಲ ಎಷ್ಟು, ಎಷ್ಟು ಒತ್ತಡ ತಡೆಯಬೇಕು, ಅದನ್ನು ಬರೆಯುತ್ತೇವೆ. ಯಾರು ಬೇಕಾದರೂ ಕೊಡಬಹುದು. ಶಾಲೆ ಯಾಕೆ ಒಂದು ತುಂಡು ಬಟ್ಟೆಯನ್ನು ಕಪಾಟಿನ ಒಳಗಿಟ್ಟು ಬೀಗ ಹಾಕಿದೆ?"

ಕಮಿಟಿಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹೊಸ ಮಾದರಿ ಬಂದು ಸರಿಹೋದರೆ ಮುಂದಿನ ವರ್ಷದಿಂದ ನೋಟೀಸಿನಲ್ಲಿ ವಿವರವನ್ನೇ ಬರೆಯುವುದು, ಬಿಡಿ ಬಟ್ಟೆ ಯಾರು ಬೇಕಾದರೂ ಮಾರುವುದು ಎಂದು ತೀರ್ಮಾನವಾಯಿತು. ಹೊರಡುವಾಗ ಧಣಿಗಳು ನನ್ನ ಕಾಗದ ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿ ಪೂರ್ತಿ ಓದಿದರು. "ಬಣ್ಣ ಗಟ್ಟಿ ಇರಬೇಕು ಅಂತಲೂ ಬರೆಯಿರಿ ತಂಗಿ. ಇಲ್ಲದಿದ್ದರೆ ಹಾಜಿ ಬಣ್ಣ ಬಿಡುವುದು ತರ್ತಾನೆ," ಎಂದರು. ಅದು ಸರಿಯಾದ ಮಾತೇ. ಬರೆದೆ.

ಜೂನಿನಲ್ಲಿ ಬಟ್ಟೆ ಬಂತು. ಮಾದರಿಯ ಮೇಲೆ ಹಾಸಿದರೆ ಚೌಕಕ್ಕೆ ಚೌಕ ಕೂಡಿತು. ಮುಂದಿನ ಫೆಬ್ರವರಿಯಲ್ಲಿ ನಮ್ಮ ಬಾಗಿಲಲ್ಲಿ ಮತ್ತೆ ಚಪ್ಪಲಿಗಳ ರಾಶಿ. ಧಣಿಗಳೂ ಬಿಡಿ ಬಟ್ಟೆ ಮಾರಿದರು, ರೆಡಿಮೇಡ್ ಅನ್ನು ಎರಡು ಬೆರಳು ಉದ್ದ ಮಾಡಿ ಹೊಲಿಸಿದರು. ಅವರ ವ್ಯಾಪಾರ ಮುಳುಗಲಿಲ್ಲ. ಹಾಜಿಯವರದ್ದು ಏರಿತು. ಎರಡೇ ವರ್ಷದಲ್ಲಿ ಮದೀನತ್ ಖಲೀಫಾ ಬಡಾವಣೆಯಲ್ಲಿ ಅವರ ಇನ್ನೊಂದು ಅಂಗಡಿ ಆಯಿತು.

ಆ ಅಂಗಡಿಯಲ್ಲಿ ನೂಲು ಕೊಳ್ಳಲು ಹೋದಾಗ ಹಾಜಿಯವರು ನನ್ನನ್ನು ಒಳಗೆ ಕೂರಿಸಿ ಚಹಾ ತರಿಸಿದರು. ಸ್ವಲ್ಪ ಹೊತ್ತು ಊರಿನ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ಅಕ್ಕ, ಕಮಿಟಿಯವರು ಈ ವರ್ಷ ವಿವರವನ್ನು ಹೊಸದಾಗಿ ಬರೆದು ಕೊಡಲು ನಿಮಗೆ ಹೇಳಿದ್ದಾರಂತೆ. ಕೆಂಪಿನ ಪಕ್ಕ ಒಂದೇ ಒಂದು ನೀಲಿ ಎಳೆ ಹಾಕಿದರೆ ಹೇಗೆ? ಚಂದ ಕಾಣ್ತದೆ. ಆ ನೀಲಿ ನನ್ನ ಮಿಲ್ಲಿನವನ ಹತ್ತಿರ ಮಾತ್ರ ಉಂಟು."

ನಾನು ಅವರ ಮುಖ ನೋಡಿದೆ. ಟೇಪು ಕೈಯಲ್ಲಿ ಇರಲಿಲ್ಲ, ಆದರೂ ನೋಡಿದೆ.

"ಹಾಜಿಯವರೇ, ನಿಮ್ಮ ನಲವತ್ತು ಥಾನು ಲೇಬರ್ ಕ್ಯಾಂಪಿಗೆ ಹೋದದ್ದು ಎಷ್ಟು ಎಳೆಯಿಂದ?"

ಅವರು ಚಹಾ ಕೆಳಗಿಟ್ಟರು. ಆಮೇಲೆ ಗಡ್ಡ ಕುಣಿಯುವಷ್ಟು ನಕ್ಕರು. "ಎರಡು. ಎರಡೇ ಎಳೆ. ಹೋಗಲಿ ಬಿಡಿ ಅಕ್ಕ, ಕೇಳಿ ನೋಡಿದ್ದು ಅಷ್ಟೆ."

ಮನೆಗೆ ಬಂದು ಆ ವರ್ಷದ ವಿವರವನ್ನು ಹೊಸ ಹಾಳೆಯಲ್ಲಿ ಬರೆದೆ. ಬೂದು ಇಪ್ಪತ್ತೆಂಟು, ಬಿಳಿ ನಾಲ್ಕು, ಬೂದು ಇಪ್ಪತ್ತೆಂಟು, ಕೆಂಪು ಎರಡು, ಇಂಚಿಗೆ ಅರವತ್ತು. ಕೊನೆಗೆ ಎರಡು ಸಾಲು ಸೇರಿಸಿದೆ. "ಎಲ್ಲ ಅಂಗಡಿಗಳಿಗೂ ಸಿಗುವ ಬಣ್ಣವನ್ನೇ ಹಾಕತಕ್ಕದ್ದು. ನೀರು ಮುಟ್ಟದ ಬಟ್ಟೆಯಲ್ಲೇ ಎಣಿಸತಕ್ಕದ್ದು." ಟೀಚರ್ ಟೈಪು ಮಾಡಲು ಕೂತವರು, ಈ ಸಲ ಕೆಳಗೆ ನಿಮ್ಮ ಹೆಸರು ಹಾಕುವುದಾ ಎಂದು ಕೇಳಿದರು.

ಹಾಕಿ ಎಂದೆ.